ಬ್ರಿಟನ್ ಬಿಟ್ಟು ಆಸ್ಟ್ರೇಲಿಯಾದಲ್ಲಿ ಸಂಸಾರ ಹೂಡುವುದು: ಕಾಗದಪತ್ರದಿಂದ ಅಗ್ಗದ ಖರೀದಿಯವರೆಗೆ

ಬ್ರಿಟನ್ನಿನಿಂದ ಬಂದವರಿಗೆ ಆಸ್ಟ್ರೇಲಿಯಾ ಮೊದಲ ದಿನವೇ ಪರಿಚಿತವೆನಿಸುತ್ತದೆ. ಮೊದಲ ಮೂರು ತಿಂಗಳಲ್ಲಿ ಕೈಯಿಂದ ಹಣ ಜಾರುವುದೂ ಅದೇ ಕಾರಣಕ್ಕೆ. ಭಾಷೆ ಅದೇ, ವಾಹನಗಳು ರಸ್ತೆಯ ಎಡಬದಿಯಲ್ಲೇ ಓಡುತ್ತವೆ, ನಾಣ್ಯದ ಮೇಲೆ ಅದೇ ರಾಜನ ಮುಖವಿದೆ, ಅಂಗಡಿಯ ಬೋರ್ಡಿನಲ್ಲಿ ವೂಲ್‌ವರ್ತ್ಸ್ ಎಂಬ ಹೆಸರು ಕಂಡರೆ ಹಳೆಯ ನೆಂಟರು ಸಿಕ್ಕಂತಾಗುತ್ತದೆ. ಆದರೆ ಬ್ರಿಟನ್ನಿನಲ್ಲಿ ಮುಚ್ಚಿಹೋದ ವೂಲ್‌ವರ್ತ್ಸ್‌ಗೂ ಇಲ್ಲಿಯದಕ್ಕೂ ಸಂಬಂಧವಿಲ್ಲ. ಇದು 1924ರಲ್ಲಿ ಸಿಡ್ನಿಯಲ್ಲಿ ಹುಟ್ಟಿ, ಹೆಸರನ್ನಷ್ಟೇ ಎರವಲು ಪಡೆದ ಬೇರೆಯೇ ಕಂಪನಿ. ಇಂಥ ಸುಳ್ಳು ಪರಿಚಯಗಳು ಇಲ್ಲಿ ಹೆಜ್ಜೆ ಹೆಜ್ಜೆಗೂ ಎದುರಾಗುತ್ತವೆ.

ಈ ಹಾದಿಯಲ್ಲಿ ಬಂದವರು ಬಹಳ ಮಂದಿ. 1945ರಲ್ಲಿ ರೂಪುಗೊಂಡ ಸರ್ಕಾರಿ ಯೋಜನೆಯಡಿ ವಯಸ್ಕರು ಕೇವಲ 10 ಪೌಂಡ್ ಕೊಟ್ಟು ಹಡಗು ಹತ್ತುತ್ತಿದ್ದರು, ಮಕ್ಕಳಿಗೆ ಪ್ರಯಾಣ ಉಚಿತವಾಗಿತ್ತು, ಎರಡು ವರ್ಷದೊಳಗೆ ಮರಳಿ ಹೋಗುವವರು ಮಾತ್ರ ಪ್ರಯಾಣದ ಪೂರ್ತಿ ಖರ್ಚನ್ನು ತೆರಬೇಕಿತ್ತು. ಮುಂದೆ ಪ್ರಧಾನಿಯಾದ ಜೂಲಿಯಾ ಗಿಲಾರ್ಡ್ 1966ರಲ್ಲಿ ವೇಲ್ಸ್‌ನಿಂದ ಅಡಿಲೇಡ್‌ಗೆ ಬಂದಿಳಿದದ್ದು ಹೀಗೆ ಹೊರಟ ಕುಟುಂಬದ ಪುಟ್ಟ ಮಗುವಾಗಿ. 2021ರ ಜನಗಣತಿಯ ಹೊತ್ತಿಗೆ ಇಂಗ್ಲೆಂಡಿನಲ್ಲೇ ಹುಟ್ಟಿದವರು ಇಲ್ಲಿ 9,27,490 ಮಂದಿ ಇದ್ದರು. ಬ್ರಿಟಿಷ್ ಪಾಸ್‌ಪೋರ್ಟ್ ಪಡೆದ ನಂತರ ಇತ್ತ ಮುಖ ಮಾಡಿದ ಕನ್ನಡಿಗ ವೈದ್ಯರು, ನರ್ಸುಗಳು, ಸಾಫ್ಟ್‌ವೇರ್ ನೌಕರರೂ ಇದೇ ದಾರಿಯವರು. ನಮ್ಮ ಸಂಸಾರ ಲೆಸ್ಟರ್‌ನಿಂದ ಮೆಲ್ಬರ್ನ್‌ಗೆ ಬಂದದ್ದೂ ಹೀಗೆಯೇ. ಬ್ರಿಟನ್ನಿನಲ್ಲಿದ್ದಾಗ ಅಗ್ಗ ಬೇಕೆಂದರೆ ಯಾವ ಅಂಗಡಿಗೆ ಹೋಗಬೇಕೆಂದು ಕೇಳುತ್ತಿದ್ದೆವು. ಇಲ್ಲಿ ಯಾವ ವಾರ ಹೋಗಬೇಕೆಂದು ಕೇಳಬೇಕು ಎಂಬುದನ್ನು ಕಲಿಯಲು ನಮಗೆ ಒಂದು ವರ್ಷ ಹಿಡಿಯಿತು. ಮುಂದಿನ ಹೆಜ್ಜೆಗಳನ್ನು ಆ ಒಂದು ವರ್ಷ ನಿಮಗೆ ಉಳಿಯಲೆಂದು ಬರೆದಿದ್ದೇನೆ.

ಹೆಜ್ಜೆ 1: ಹೊರಡುವ ಮೊದಲು

ವೀಸಾ ಯಾವುದೆಂಬುದರ ಮೇಲೆ ಉಳಿದದ್ದೆಲ್ಲ ನಿಂತಿದೆ. ಕೌಶಲದ ಆಧಾರದಲ್ಲಿ ಬರುವವರಿಗೆ 189, 190 ಮತ್ತು 491 ಎಂಬ ಸಂಖ್ಯೆಯ ವೀಸಾಗಳಿವೆ. ಅರ್ಜಿ ಹಾಕಲು ಸರ್ಕಾರದ ಆಹ್ವಾನ ಬರುವಾಗ ವಯಸ್ಸು 45 ತುಂಬಿರಬಾರದು, ವಯಸ್ಸು, ಓದು, ಅನುಭವಗಳಿಗೆ ಕೊಡುವ ಅಂಕಗಳು ಕನಿಷ್ಠ 65 ಕೂಡಿರಬೇಕು. ಮೊದಲೆರಡು ಕಾಯಂ ವಾಸದ ವೀಸಾಗಳು, ಮೂರನೆಯದು ಗ್ರಾಮಾಂತರ ಮತ್ತು ಸಣ್ಣ ನಗರಗಳಿಗೆ ಸಂಬಂಧಿಸಿದ ತಾತ್ಕಾಲಿಕ ವೀಸಾ. ಊರು ಹಿಡಿಸುತ್ತದೋ ಇಲ್ಲವೋ ನೋಡಿ ತೀರ್ಮಾನಿಸೋಣ ಎನ್ನುವ ಕಿರಿಯರಿಗೆ, ಸುತ್ತಾಡುತ್ತ ದುಡಿಯಲೂ ಬಿಡುವ ವರ್ಕಿಂಗ್ ಹಾಲಿಡೇ ವೀಸಾ ಇದೆ. 2023ರ ಮೇ 31ರಂದು ಜಾರಿಗೆ ಬಂದ ಎರಡೂ ದೇಶಗಳ ಮುಕ್ತ ವ್ಯಾಪಾರ ಒಪ್ಪಂದದಿಂದಾಗಿ ಬ್ರಿಟಿಷ್ ಪಾಸ್‌ಪೋರ್ಟಿನವರು 35 ವರ್ಷದವರೆಗೂ ಇದನ್ನು ಪಡೆಯಬಹುದು, 2024ರ ಜುಲೈ 1ರಿಂದ ಹೊಲ-ತೋಟದ ಕಡ್ಡಾಯ ದುಡಿಮೆಯಿಲ್ಲದೆ ಮೂರು ಸಲ, ಒಟ್ಟು ಮೂರು ವರ್ಷ ಇರಬಹುದು.

ಸಾಮಾನು ಸಾಗಿಸುವಾಗ ಎರಡು ನಿಯಮಗಳು ನೆನಪಿರಲಿ. ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ನೀವೇ ಹೊಂದಿ ಬಳಸಿದ ಮನೆಸಾಮಾನಿಗೆ ಸುಂಕವಿಲ್ಲ. ಹೊರಡುವ ಮುನ್ನ ಹೊಸದಾಗಿ ಕೊಂಡು ತುಂಬಿಸಿದ ವಸ್ತುವಿಗೆ ಆ ವಿನಾಯಿತಿ ಸಿಗದು. ಎರಡನೆಯದು ಜೈವಿಕ ಸುರಕ್ಷತೆಯ ತಪಾಸಣೆ. ಸೈಕಲ್ಲಿನ ಚಕ್ರ, ತೋಟದ ಸಲಿಕೆ, ಬೆಟ್ಟ ಹತ್ತುವ ಬೂಟಿನ ಅಡಿ, ಟೆಂಟಿನ ಗೂಟ, ಇವುಗಳಲ್ಲಿ ಒಣಗಿದ ಮಣ್ಣಿನ ಹೆಂಟೆ ಉಳಿದಿದ್ದರೂ ತಡೆದು ನಿಲ್ಲಿಸಿ, ಶುಚಿ ಮಾಡಿಸಿದ ಖರ್ಚನ್ನು ನಿಮ್ಮಿಂದಲೇ ವಸೂಲು ಮಾಡುತ್ತಾರೆ. ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಒಂದು ಸಂಜೆ ತಿಕ್ಕುವುದು ಅದಕ್ಕಿಂತ ಎಷ್ಟೋ ಮೇಲು. ವಿಮಾನದಲ್ಲಿ ಕೊಡುವ ಕಾರ್ಡಿನಲ್ಲಿ ಉಪ್ಪಿನಕಾಯಿ, ಸಾಂಬಾರು ಪುಡಿ, ಒಣಹಣ್ಣು ಏನೇ ತಂದಿದ್ದರೂ ‘ಇದೆ’ ಎಂದು ಗುರುತು ಹಾಕಿ. ಹೇಳಿ ತೋರಿಸಿದರೆ ಹೆಚ್ಚೆಂದರೆ ವಸ್ತು ಹೋದೀತು, ಮುಚ್ಚಿಟ್ಟರೆ ಸ್ಥಳದಲ್ಲೇ ದಂಡ ಬೀಳುತ್ತದೆ.

ವಿದ್ಯುತ್ತು ಎರಡೂ ಕಡೆ 230 ವೋಲ್ಟ್, 50 ಹರ್ಟ್ಸ್. ಪ್ಲಗ್ಗಿನ ಆಕಾರವಷ್ಟೇ ಬೇರೆ. ಆದ್ದರಿಂದ ಮಿಕ್ಸಿ, ಹೊಲಿಗೆ ಯಂತ್ರ, ದೀಪಗಳನ್ನು ಮಾರಿ ಬರಬೇಕಾಗಿಲ್ಲ. ಬ್ರಿಟಿಷ್ ಎಕ್ಸ್‌ಟೆನ್ಷನ್ ಬೋರ್ಡೊಂದನ್ನು ಪೆಟ್ಟಿಗೆಯಲ್ಲಿಟ್ಟು ತಂದರೆ ಅದರ ತುದಿಗೆ ಒಂದೇ ಅಡಾಪ್ಟರ್ ಹಾಕಿ ನಾಲ್ಕು ಸಣ್ಣ ಉಪಕರಣಗಳನ್ನು ನಡೆಸಬಹುದು (ಹೀಟರನ್ನು ಮಾತ್ರ ಅದಕ್ಕೆ ಸಿಕ್ಕಿಸಬೇಡಿ). ಮೊಬೈಲಿನ ವಿಷಯ ಬೇರೆ. 2024ರ ಅಕ್ಟೋಬರ್ ಕೊನೆಗೆ ಇಲ್ಲಿ 3ಜಿ ಜಾಲ ನಿಂತುಹೋಗಿದ್ದು, 4ಜಿ ಮೂಲಕ ತುರ್ತು ಸಂಖ್ಯೆ 000ಕ್ಕೆ ಕರೆ ಮಾಡಲಾಗದ ಫೋನುಗಳನ್ನು ಜಾಲದಿಂದಲೇ ಹೊರಗಿಡುತ್ತಾರೆ. ಹಳೆಯ ಫೋನಿದ್ದರೆ ಅದು ಇಲ್ಲಿ ನಡೆಯುತ್ತದೆಯೇ ಎಂದು ಮೊದಲೇ ಪರೀಕ್ಷಿಸಿಕೊಳ್ಳಿ. ಬ್ರಿಟನ್ನಿನ ತುರ್ತು ಸಂಖ್ಯೆ 999ರ ಅಭ್ಯಾಸವನ್ನೂ ಅಲ್ಲೇ ಬಿಟ್ಟು ಬನ್ನಿ.

ಹೆಜ್ಜೆ 2: ಮೊದಲ ಹದಿನೈದು ದಿನಗಳ ಕಾಗದಪತ್ರ

ಬ್ಯಾಂಕ್ ಖಾತೆಯನ್ನು ಬ್ರಿಟನ್ನಿನಲ್ಲಿರುವಾಗಲೇ ತೆರೆದು, ಇಳಿದ ಮೇಲೆ ಶಾಖೆಗೆ ಹೋಗಿ ಪಾಸ್‌ಪೋರ್ಟ್ ತೋರಿಸಿ ಚಾಲ್ತಿಗೆ ತರುವುದು ಸುಲಭ. ಅಲ್ಲಿಯ ಸಾಲದ ಇತಿಹಾಸ ಇಲ್ಲಿಗೆ ಬರುವುದಿಲ್ಲವಾದ್ದರಿಂದ ಎಷ್ಟೇ ಒಳ್ಳೆಯ ಲೆಕ್ಕ ಇಟ್ಟವರಾದರೂ ಮೊದಲ ಕೆಲವು ತಿಂಗಳು ಕ್ರೆಡಿಟ್ ಕಾರ್ಡ್ ಸಿಗುವುದು ಕಷ್ಟ. ತೆರಿಗೆ ಇಲಾಖೆಯಿಂದ ಒಂಬತ್ತು ಅಂಕಿಯ ಟಿಎಫ್‌ಎನ್ ಸಂಖ್ಯೆಯನ್ನು ಕೂಡಲೇ ಕೇಳಿ ಪಡೆಯಿರಿ. ಅದಕ್ಕೆ ಶುಲ್ಕವಿಲ್ಲ, ಶುಲ್ಕ ಕೇಳುವವರು ದಲ್ಲಾಳಿಗಳೆಂದು ತಿಳಿಯಿರಿ. ಆ ಸಂಖ್ಯೆ ಕೊಡದಿದ್ದರೆ ಸಂಬಳದಿಂದ ಗರಿಷ್ಠ ದರದಲ್ಲಿ ತೆರಿಗೆ ಕಡಿತವಾಗುತ್ತದೆ. ಇಲ್ಲಿಯ ಆರ್ಥಿಕ ವರ್ಷ ಜುಲೈ 1ರಿಂದ ಜೂನ್ 30ರವರೆಗೆ.

ಸಂಬಳದ ಜೊತೆಗೆ ಉದ್ಯೋಗದಾತರು ನಿಮ್ಮ ನಿವೃತ್ತಿ ನಿಧಿಗೆ, ಜನರ ಬಾಯಲ್ಲಿ ‘ಸೂಪರ್’ ಎನ್ನುವುದಕ್ಕೆ, 2025ರ ಜುಲೈ 1ರಿಂದ ಶೇ. 12ರಷ್ಟು ಕಟ್ಟಬೇಕು. ಕೆಲಸದ ಮಾತುಕತೆಯಲ್ಲಿ ಹೇಳಿದ ಮೊತ್ತ ಸೂಪರ್ ಸೇರಿಯೋ ಬಿಟ್ಟೋ ಎಂದು ಬಾಯಿಬಿಟ್ಟು ಕೇಳಿ. ಅನೇಕರು ಕೇಳದೆ ಮೋಸಹೋಗುತ್ತಾರೆ.

ಬ್ರಿಟನ್ನಿನ ಪಿಂಚಣಿಯ ಬಗ್ಗೆ ಕಹಿಯಾದ ಒಂದು ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ. ಅಲ್ಲಿಯ ಸರ್ಕಾರಿ ಪಿಂಚಣಿ ಅಲ್ಲಿರುವವರಿಗೆ ವರ್ಷ ವರ್ಷವೂ ಏರುತ್ತದೆ, ಆಸ್ಟ್ರೇಲಿಯಾದಲ್ಲಿ ನೆಲೆಸಿದವರಿಗೆ ಮೊದಲು ಕೈಗೆ ಬಂದ ಮೊತ್ತದಲ್ಲೇ ಹೆಪ್ಪುಗಟ್ಟಿ ನಿಲ್ಲುತ್ತದೆ. ಎರಡು ದೇಶಗಳ ನಡುವಿನ ಸಾಮಾಜಿಕ ಭದ್ರತಾ ಒಪ್ಪಂದವನ್ನು ಆಸ್ಟ್ರೇಲಿಯಾ 2001ರಲ್ಲಿ, ಈ ತಕರಾರಿನಿಂದಲೇ, ಕೊನೆಗೊಳಿಸಿತು. ನಿವೃತ್ತಿಯ ಅಂಚಿನಲ್ಲಿ ಬರುವವರು ಈ ಲೆಕ್ಕ ಹಾಕದೆ ಮನೆ ಮಾರಬಾರದು. ಖಾಸಗಿ ಪಿಂಚಣಿ ನಿಧಿಯನ್ನು ಇತ್ತ ತರುವುದಕ್ಕೆ ವಯಸ್ಸಿನ ಮತ್ತು ಗಡುವಿನ ಷರತ್ತುಗಳಿರುವುದರಿಂದ, ಎರಡೂ ದೇಶದ ನಿಯಮ ಬಲ್ಲ ಸಲಹೆಗಾರರಿಗೆ ಕೊಡುವ ಹಣ ವ್ಯರ್ಥವಾಗದು.

ಕಾಯಂ ವಾಸಿಗಳು ಇಲ್ಲಿಯ ಸರ್ಕಾರಿ ಆರೋಗ್ಯ ವ್ಯವಸ್ಥೆಯಾದ ಮೆಡಿಕೇರ್‌ಗೆ ಹೆಸರು ಕೊಡಬೇಕು; ತಾತ್ಕಾಲಿಕವಾಗಿ ಬಂದವರಿಗೂ ಬ್ರಿಟನ್ನಿನೊಂದಿಗಿನ ಪರಸ್ಪರ ಒಪ್ಪಂದದಿಂದ ಅಗತ್ಯ ಚಿಕಿತ್ಸೆ ಸಿಗುತ್ತದೆ. ಆದರೆ ಬ್ರಿಟನ್ನಿನ ಸರ್ಕಾರಿ ವೈದ್ಯಸೇವೆಯಾದ ಎನ್‌ಎಚ್‌ಎಸ್ ಗುಂಗಿನಲ್ಲಿ ಇರಬೇಡಿ. ಅನೇಕ ಕ್ಲಿನಿಕ್ಕುಗಳಲ್ಲಿ ಮೆಡಿಕೇರ್ ಕೊಡುವುದಕ್ಕಿಂತ ಮೇಲಿನ ಮೊತ್ತವನ್ನು ನೀವೇ ತೆರಬೇಕಾಗುತ್ತದೆ. ಆದ್ದರಿಂದ ಸಮಯ ಗೊತ್ತುಪಡಿಸುವಾಗಲೇ ‘ಬಲ್ಕ್ ಬಿಲ್ಲಿಂಗ್ ಇದೆಯೇ’ ಎಂದು ಕೇಳಿ. ಇದೆ ಎಂದರೆ ನಿಮ್ಮ ಕೈಯಿಂದ ಏನೂ ಹೋಗದು. ಆಂಬುಲೆನ್ಸ್ ಖರ್ಚು ಮೆಡಿಕೇರ್‌ನೊಳಗೆ ಬರುವುದಿಲ್ಲ. ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದಲ್ಲಿ ಆಂಬುಲೆನ್ಸಿನ ವಾರ್ಷಿಕ ಸದಸ್ಯತ್ವ ಮಾಡಿಸಿಕೊಳ್ಳುವುದು ರೂಢಿ, ಕ್ವೀನ್ಸ್‌ಲ್ಯಾಂಡಿನಲ್ಲಿ ರಾಜ್ಯವೇ ಭರಿಸುತ್ತದೆ. 31 ದಾಟಿದವರು ಮೆಡಿಕೇರ್ ಸೇರಿದ ಹನ್ನೆರಡು ತಿಂಗಳೊಳಗೆ ಖಾಸಗಿ ಆಸ್ಪತ್ರೆ ವಿಮೆ ಮಾಡಿಸದಿದ್ದರೆ, ಮುಂದೆ ಮಾಡಿಸುವಾಗ 30ರ ಮೇಲಿನ ಪ್ರತಿ ವರ್ಷಕ್ಕೆ ಶೇ. 2ರಂತೆ ಕಂತು ಏರುತ್ತದೆ. ಬೇಕೋ ಬೇಡವೋ ಎಂಬ ನಿರ್ಧಾರವನ್ನು ಆ ಗಡುವಿನೊಳಗೇ ಮಾಡಿ.

ಹೆಜ್ಜೆ 3: ಬಾಡಿಗೆ ಮನೆ

ಇಲ್ಲಿ ಬಾಡಿಗೆಯನ್ನು ವಾರದ ಲೆಕ್ಕದಲ್ಲಿ ಹೇಳುತ್ತಾರೆ, ತಿಂಗಳ ಬಾಡಿಗೆಗೆ ಒಗ್ಗಿದವರು ತಟ್ಟನೆ ನಾಲ್ಕರಿಂದ ಗುಣಿಸಿಬಿಡುತ್ತಾರೆ. ವಾರಕ್ಕೆ 600 ಡಾಲರ್ ಎಂದರೆ ತಿಂಗಳಿಗೆ 2,400 ಅಲ್ಲ. 52 ವಾರದಿಂದ ಗುಣಿಸಿ ಹನ್ನೆರಡರಿಂದ ಭಾಗಿಸಿದರೆ 2,600 ಆಗುತ್ತದೆ. ಮನೆ ತೋರಿಸುವುದು ಸಾಮಾನ್ಯವಾಗಿ ಹದಿನೈದು ನಿಮಿಷ ಮಾತ್ರ, ಆ ಹೊತ್ತಿಗೆ ಬಾಗಿಲಲ್ಲಿ ಸಾಲು ನಿಂತಿರುತ್ತದೆ. ಆ ಹದಿನೈದು ನಿಮಿಷದಲ್ಲಿ ಅಡುಗೆಮನೆಯ ಹೊಳಪನ್ನು ನೋಡುತ್ತ ನಿಲ್ಲದೆ ದಿಕ್ಕನ್ನು ನೋಡಿ. ಬ್ರಿಟನ್ನಿನಲ್ಲಿ ಬಿಸಿಲಿಗೆ ದಕ್ಷಿಣ ದಿಕ್ಕು ಬೇಕು, ಇಲ್ಲಿ ಉತ್ತರ. ಈ ತಿರುವುಮುರುವು ತಿಳಿಯದೆ ದಕ್ಷಿಣಕ್ಕೆ ಮುಖ ಮಾಡಿದ ಮನೆ ಹಿಡಿದು, ಜುಲೈ ತಿಂಗಳಲ್ಲಿ ಮೆಲ್ಬರ್ನಿನ ಮನೆಯೊಳಗೆ ಕೋಟು ಹಾಕಿಕೊಂಡು ಊಟ ಮಾಡಿದ ಅನುಭವ ನಮ್ಮದು. ಬ್ರಿಟನ್ನಿನಂತೆ ಕೋಣೆಕೋಣೆಗೂ ರೇಡಿಯೇಟರ್ ಇರುವ ಮನೆ ಇಲ್ಲಿ ಅಪರೂಪ, ಹಳೆಯ ಮನೆಗಳ ಗೋಡೆಗಳಲ್ಲಿ ಚಳಿ ತಡೆಯುವ ಪದರವೂ ಇರುವುದಿಲ್ಲ.

ಮುಂಗಡವನ್ನು ಬಾಂಡ್ ಎನ್ನುತ್ತಾರೆ, ಸಾಮಾನ್ಯವಾಗಿ ನಾಲ್ಕು ವಾರದ ಬಾಡಿಗೆ. ಅದು ಮಾಲೀಕರ ಜೇಬಿಗೆ ಹೋಗದೆ ರಾಜ್ಯದ ಪ್ರಾಧಿಕಾರದಲ್ಲಿ ಠೇವಣಿಯಾಗುತ್ತದೆ. ಕಂಡಿಷನ್ ರಿಪೋರ್ಟ್ ಎಂಬ ಕಾಗದವನ್ನು ವಿಕ್ಟೋರಿಯಾದಲ್ಲಿ ಐದು ಕೆಲಸದ ದಿನಗಳೊಳಗೆ ತುಂಬಿ ಮರಳಿಸಬೇಕು. ಗೋಡೆಯ ಮೊಳೆ ರಂಧ್ರದಿಂದ ಹಿಡಿದು ಕಾರ್ಪೆಟ್ಟಿನ ಕಲೆಯವರೆಗೆ ಬರೆದು, ಫೋಟೊ ತೆಗೆದಿಡಿ. ಇನ್ನೊಂದು ಮಾತು: ಬಾಡಿಗೆ ಮನೆಯಲ್ಲಿ ಫ್ರಿಜ್ ಮತ್ತು ಬಟ್ಟೆ ಒಗೆಯುವ ಯಂತ್ರ ಸಾಮಾನ್ಯವಾಗಿ ಇರುವುದಿಲ್ಲ. ಬೀಗದ ಕೈ ಸಿಕ್ಕ ಸಂಜೆ ಹಾಲಿಡಲು ಜಾಗವಿಲ್ಲದೆ ಅಂಗಡಿಗೆ ಓಡುವಂತಾಗುತ್ತದೆ, ಅವಸರದ ಖರೀದಿ ಆರಂಭವಾಗುವುದೂ ಅಲ್ಲಿಂದಲೇ.

ಹೆಜ್ಜೆ 4: ಮನೆ ತುಂಬಿಸಲು ಆತುರ ಬೇಡ

ನಾವು ಮೇ ಕೊನೆಯ ವಾರ ದೊಡ್ಡ ಅಂಗಡಿಯೊಂದರಲ್ಲಿ ಫ್ರಿಜ್ಜು, ಹಾಸಿಗೆ, ಸೋಫಾ ಮೂರನ್ನೂ ಪೂರ್ತಿ ಬೆಲೆಗೆ ಕೊಂಡೆವು. ಜೂನ್ ನಡುವಿನಲ್ಲಿ ಅದೇ ಅಂಗಡಿಯ ಗಾಜಿನ ಮೇಲೆ ವರ್ಷಾಂತ್ಯದ ಮಾರಾಟದ ಹಳದಿ ಚೀಟಿಗಳು ಅಂಟಿಕೊಂಡಿದ್ದವು, ನಮ್ಮದೇ ಸೋಫಾದ ಮೇಲೂ ಒಂದಿತ್ತು. ಆರ್ಥಿಕ ವರ್ಷ ಜೂನ್ 30ಕ್ಕೆ ಮುಗಿಯುವುದರಿಂದ ಆ ತಿಂಗಳು ಪೀಠೋಪಕರಣ, ವಿದ್ಯುತ್ ಉಪಕರಣ, ಕಂಪ್ಯೂಟರು, ಕಾರುಗಳ ಬೆಲೆ ಇಳಿಯುತ್ತದೆ. ಎರಡನೆಯ ಸುಗ್ಗಿ ನವೆಂಬರಿನ ಬ್ಲ್ಯಾಕ್ ಫ್ರೈಡೆ, ಮೂರನೆಯದು ಡಿಸೆಂಬರ್ 26ರ ಬಾಕ್ಸಿಂಗ್ ಡೇ. ಚಳಿಗಾಲದ ಬಟ್ಟೆಗೆ ಆಗಸ್ಟ್ ಒಳ್ಳೆಯ ತಿಂಗಳು.

ಅಲ್ಲಿಯವರೆಗೆ ಬಳಸಿದ ಸಾಮಾನಿನಿಂದ ದಿನ ದೂಡಬಹುದು. ದಾನವಾಗಿ ಬಂದ ಹಳೆಯ ಸಾಮಾನು ಮಾರುವ ಬ್ರಿಟನ್ನಿನ ಚಾರಿಟಿ ಶಾಪನ್ನು ಇಲ್ಲಿ ‘ಆಪ್ ಶಾಪ್’ ಎನ್ನುತ್ತಾರೆ. ವಿನ್ನೀಸ್ ಮತ್ತು ಸಾಲ್ವೋಸ್ ಮಳಿಗೆಗಳು ಬಹುತೇಕ ಎಲ್ಲ ಬಡಾವಣೆಗಳಲ್ಲೂ ಇವೆ. ಶ್ರೀಮಂತ ಬಡಾವಣೆಯ ಆಪ್ ಶಾಪಿನಲ್ಲಿ ಸಾಮಾನಿನ ಗುಣ ಮೇಲು, ಹೊರವಲಯದ್ದರಲ್ಲಿ ಬೆಲೆ ಕಡಿಮೆ. ಬಳಸಿದ ಸಾಮಾನು ಕೊಂಡು ಮಾರುವ ಗಮ್‌ಟ್ರೀ ಎಂಬ ಜಾಲತಾಣ ಇಲ್ಲಿಯದೆಂದೇ ಬಹಳಷ್ಟು ಜನ ತಿಳಿದಿದ್ದಾರೆ. ಅದು ಹುಟ್ಟಿದ್ದು 2000ದಲ್ಲಿ ಲಂಡನ್ನಿನಲ್ಲಿ, ಅಲ್ಲಿಗೆ ಬಂದಿಳಿದ ಆಸ್ಟ್ರೇಲಿಯನ್ನರು, ನ್ಯೂಜಿಲೆಂಡಿನವರು, ದಕ್ಷಿಣ ಆಫ್ರಿಕದವರು ಮನೆ ಮತ್ತು ಕೆಲಸ ಹುಡುಕಲೆಂದು. ಈಗ ದಾರಿ ತಿರುಗಿದೆ. ಇದಲ್ಲದೆ ನಗರಸಭೆಗಳು ವರ್ಷಕ್ಕೆ ಒಂದೆರಡು ಸಲ ದೊಡ್ಡ ಕಸ ಒಯ್ಯುವ ವ್ಯವಸ್ಥೆ ಮಾಡುತ್ತವೆ, ಆಗ ಜನ ಗಟ್ಟಿಮುಟ್ಟಾದ ಮೇಜು-ಕುರ್ಚಿಗಳನ್ನೂ ಮನೆಯ ಮುಂದಿನ ಹುಲ್ಲಿನ ಮೇಲೆ ಇಡುತ್ತಾರೆ. ಕೆಲವು ನಗರಸಭೆಗಳಲ್ಲಿ ಅದನ್ನು ಇತರರು ಒಯ್ಯುವುದು ನಿಯಮಕ್ಕೆ ವಿರುದ್ಧ, ಆದ್ದರಿಂದ ನಿಮ್ಮೂರಿನ ನಿಯಮ ನೋಡಿಕೊಳ್ಳಿ. ಹಾಸಿಗೆ, ಬಟ್ಟೆ ಹೊದಿಸಿದ ಸೋಫಾಗಳನ್ನು ಮುಟ್ಟಬೇಡಿ. ತಿಗಣೆಯೊಂದಿಗೆ ಬರುವ ಉಚಿತ ಸೋಫಾದಷ್ಟು ದುಬಾರಿ ಇನ್ನೊಂದಿಲ್ಲ.

ಮೊಳೆ, ಬಣ್ಣ, ಕುಂಡ, ಏಣಿಗೆ ಬನ್ನಿಂಗ್ಸ್ ಎಂಬ ಅಂಗಡಿ ಸರಣಿ ಇದೆ. ಅದೇ ಸಾಮಾನು ಬೇರೆಡೆ ಅಗ್ಗಕ್ಕೆ ಕಂಡರೆ ಆ ಬೆಲೆಗಿಂತ ಶೇ. 10 ಕಡಿಮೆಗೆ ಕೊಡುವುದಾಗಿ ಅದು ಹೇಳಿಕೊಳ್ಳುತ್ತದೆ, ಮೊಬೈಲಿನಲ್ಲಿ ಬೆಲೆ ತೋರಿಸಿ ಕೇಳಲು ಸಂಕೋಚ ಬೇಡ. ಇದೇ ಬನ್ನಿಂಗ್ಸ್‌ನ ಮಾಲೀಕ ಕಂಪನಿಯವರು 2016ರಲ್ಲಿ ಬ್ರಿಟನ್ನಿನ ಹೋಮ್‌ಬೇಸ್ ಎಂಬ ಇಂಥದೇ ಅಂಗಡಿ ಸರಣಿಯನ್ನು 34 ಕೋಟಿ ಪೌಂಡಿಗೆ ಕೊಂಡು, 2018ರಲ್ಲಿ ಒಂದು ಪೌಂಡಿಗೆ ಮಾರಿ ಕೈತೊಳೆದುಕೊಂಡರು. ಎರಡೂ ದೇಶದ ಗಿರಾಕಿಗಳು ಒಂದೇ ಎಂದು ನಂಬಿ ಕೆಟ್ಟವರಲ್ಲಿ ನಾವಷ್ಟೇ ಅಲ್ಲ ಎಂಬುದು ಸಣ್ಣ ಸಮಾಧಾನ.

ಹೆಜ್ಜೆ 5: ದಿನಸಿ, ಬುಧವಾರದಿಂದ ಬುಧವಾರಕ್ಕೆ

ಬ್ರಿಟನ್ನಿನಲ್ಲಿ ಆರೇಳು ದೊಡ್ಡ ಸೂಪರ್ ಮಾರ್ಕೆಟ್ಟುಗಳು ಒಂದರ ಮೇಲೊಂದು ಬಿದ್ದು ಪೈಪೋಟಿ ನಡೆಸುತ್ತವೆ. ಇಲ್ಲಿ ದಿನಸಿಯ ಮಾರಾಟದಲ್ಲಿ ಮೂರನೆಯ ಎರಡು ಪಾಲಿನಷ್ಟು ವೂಲ್‌ವರ್ತ್ಸ್ ಮತ್ತು ಕೋಲ್ಸ್ ಎಂಬ ಎರಡರ ಕೈಯಲ್ಲಿದೆ. 2001ರಲ್ಲಿ ಬಂದ ಆಲ್ಡಿ ಮೂರನೆಯದು. ಎರಡು ದೊಡ್ಡವರ ವಾರದ ರಿಯಾಯಿತಿ ಬದಲಾಗುವುದು ಬುಧವಾರ. ಸೋಮವಾರ ಸಂಜೆಯ ಹೊತ್ತಿಗೆ ಮುಂದಿನ ವಾರದ ಕ್ಯಾಟಲಾಗ್ ಆನ್‌ಲೈನಿನಲ್ಲಿ ಕಾಣುತ್ತದೆ. ಅದನ್ನು ನೋಡಿ, ಮಂಗಳವಾರ ಮುಗಿಯುವುದನ್ನು ಮಂಗಳವಾರ, ಬುಧವಾರ ಆರಂಭವಾಗುವುದನ್ನು ಬುಧವಾರ ಕೊಳ್ಳುವುದು ಇಲ್ಲಿಯ ಅನುಭವಿಗಳ ಕ್ರಮ.

ಕಾಫಿಪುಡಿ, ಒಗೆಯುವ ಪುಡಿ, ಟೂತ್‌ಪೇಸ್ಟ್, ಬಿಸ್ಕತ್ತು, ಶಾಂಪೂಗಳಂಥ ಬ್ರ್ಯಾಂಡ್ ವಸ್ತುಗಳು ಕೆಲವು ವಾರಗಳಿಗೊಮ್ಮೆ ಅರ್ಧ ಬೆಲೆಗೆ ಬರುತ್ತವೆ, ಒಂದು ಅಂಗಡಿಯಲ್ಲಿ ಮುಗಿದರೆ ಇನ್ನೊಂದರಲ್ಲಿ ಶುರುವಾಗುತ್ತದೆ. ಒಂದು ನೋಟ್‌ಬುಕ್ಕಿನಲ್ಲಿ ನಿಮ್ಮ ಮನೆಗೆ ತಪ್ಪದೆ ಬೇಕಾಗುವ ಇಪ್ಪತ್ತು ವಸ್ತುಗಳ ಹೆಸರು ಬರೆದು, ಅರ್ಧ ಬೆಲೆ ಕಂಡ ದಿನಾಂಕವನ್ನು ಎದುರಿಗೆ ಹಾಕುತ್ತ ಹೋಗಿ. ಎರಡು ತಿಂಗಳಲ್ಲಿ ಯಾವುದು ಎಷ್ಟು ವಾರಕ್ಕೊಮ್ಮೆ ಇಳಿಯುತ್ತದೆಂದು ನಿಮಗೇ ತಿಳಿಯುತ್ತದೆ. ಆಮೇಲೆ ಮುಂದಿನ ಇಳಿತದವರೆಗೆ ಸಾಲುವಷ್ಟನ್ನು ಮಾತ್ರ ಒಮ್ಮೆಲೇ ಕೊಂಡರಾಯಿತು.

ಚೀಟಿಯ ಮೇಲಿನ ದೊಡ್ಡ ಅಂಕಿಗಿಂತ ಕೆಳಗಿನ ಸಣ್ಣ ಅಂಕಿಯನ್ನು ಓದುವುದು ಮುಖ್ಯ. 2009ರ ನಿಯಮಾವಳಿಯ ಪ್ರಕಾರ ದೊಡ್ಡ ಸೂಪರ್ ಮಾರ್ಕೆಟ್ಟುಗಳು ಕಿಲೋಗೆ, ಲೀಟರಿಗೆ ಅಥವಾ ನೂರು ಗ್ರಾಮಿಗೆ ಎಷ್ಟೆಂದು ನಮೂದಿಸಲೇಬೇಕು. ಉದಾಹರಣೆಗೆ, ಎರಡು ಕಿಲೋದ ಒಗೆಯುವ ಪುಡಿಯ ಡಬ್ಬಿ 14 ಡಾಲರಿಗಿದ್ದು, ಅದರ ಪಕ್ಕದಲ್ಲೇ ಒಂದು ಕಿಲೋದ್ದು 9 ಡಾಲರಿನಿಂದ ಅರ್ಧಕ್ಕಿಳಿದು 4.50ಕ್ಕಿದೆ ಎನ್ನಿ. ದೊಡ್ಡದು ಯಾವಾಗಲೂ ಲಾಭವೆಂದು ನಂಬಿದವರು ಕಿಲೋಗೆ 7 ಡಾಲರ್ ಕೊಟ್ಟು ಹೊರುತ್ತಾರೆ, ಸಣ್ಣ ಅಂಕಿ ಓದಿದವರು ಎರಡು ಚಿಕ್ಕ ಡಬ್ಬಿಗಳನ್ನು 9ಕ್ಕೆ ಒಯ್ಯುತ್ತಾರೆ. ಬಣ್ಣದ ಚೀಟಿಯನ್ನೇ ನಂಬಿ ಕೈಹಾಕಬೇಡಿ. ‘ಬೆಲೆ ಇಳಿಸಿದ್ದೇವೆ’ ಎಂಬ ಕೆಲವು ಚೀಟಿಗಳು ಮೊದಲು ಏರಿಸಿ ಆಮೇಲೆ ಇಳಿಸಿದವು ಎಂದು ಆರೋಪಿಸಿ ಸ್ಪರ್ಧಾ ಆಯೋಗ ಎಸಿಸಿಸಿ 2024ರ ಸೆಪ್ಟೆಂಬರಿನಲ್ಲಿ ವೂಲ್‌ವರ್ತ್ಸ್, ಕೋಲ್ಸ್ ಎರಡರ ಮೇಲೂ ಕೋರ್ಟಿಗೆ ಹೋಯಿತು. ನಿಮ್ಮ ನೋಟ್‌ಬುಕ್ಕಿನ ಹಳೆಯ ಬೆಲೆಯೇ ಇದಕ್ಕೆ ಮದ್ದು.

ಕೌಂಟರಿನಲ್ಲಿಯೂ ಕಣ್ಣಿರಲಿ. ಕಪಾಟಿನ ಬೆಲೆಗಿಂತ ಸ್ಕ್ಯಾನಿನಲ್ಲಿ ಹೆಚ್ಚು ಬಂದರೆ, ದೊಡ್ಡ ಸೂಪರ್ ಮಾರ್ಕೆಟ್ಟುಗಳು ತಾವೇ ಒಪ್ಪಿಕೊಂಡ ಸಂಹಿತೆಯ ಪ್ರಕಾರ ಆ ವಸ್ತುವಿನ ಮೊದಲನೆಯದನ್ನು ಉಚಿತವಾಗಿ ಕೊಡಬೇಕು. ಕೇಳದವರಿಗೆ ಬರೀ ವ್ಯತ್ಯಾಸದ ಹಣ ಕೊಟ್ಟು ಕಳಿಸುವುದುಂಟು. ಖರೀದಿಗೆ ಅಂಕ ಕೊಡುವ ಕೋಲ್ಸ್‌ನ ಫ್ಲೈಬೈಸ್ ಮತ್ತು ವೂಲ್‌ವರ್ತ್ಸ್‌ನ ಎವ್ರಿಡೇ ರಿವಾರ್ಡ್ಸ್ ಕಾರ್ಡುಗಳು ಉಚಿತ, ಎರಡರಲ್ಲೂ 2,000 ಅಂಕಕ್ಕೆ 10 ಡಾಲರ್. ಡಾಲರಿಗೊಂದು ಅಂಕವೆಂದರೆ ಲಾಭ ಶೇ. 0.5 ಮಾತ್ರ, ಅದಕ್ಕಾಗಿ ಬೇಡದ್ದನ್ನು ಕೊಳ್ಳಬೇಡಿ. ಆಲ್ಡಿಯಲ್ಲಿ ಈ ಆಟಗಳಿಲ್ಲ. ಅಕ್ಕಿ-ಬೇಳೆಯ ಪಕ್ಕದಲ್ಲಿ ಬುಧವಾರ ಮತ್ತು ಶನಿವಾರ ಬರುವ ವಿಶೇಷ ಸಾಮಾನಿನ ಸಾಲಿನಲ್ಲಿ ಮಾತ್ರ ಕೈ ತಡೆದುಕೊಳ್ಳಬೇಕು.

ತರಕಾರಿಗೆ ಸೂಪರ್ ಮಾರ್ಕೆಟ್ ಬಿಟ್ಟು ಸಂತೆಗೆ ಹೋಗಿ. ಮೆಲ್ಬರ್ನಿನಲ್ಲಿ 1878ರಿಂದ ನಡೆಯುತ್ತಿರುವ ಕ್ವೀನ್ ವಿಕ್ಟೋರಿಯಾ ಮಾರ್ಕೆಟ್, ಅಡಿಲೇಡಿನಲ್ಲಿ 1869ರ ಸೆಂಟ್ರಲ್ ಮಾರ್ಕೆಟ್, ಸಿಡ್ನಿಯಲ್ಲಿ ಪ್ಯಾಡೀಸ್ ಇವೆ. ಮುಚ್ಚುವ ಮುಂಚಿನ ಒಂದು ಗಂಟೆಯಲ್ಲಿ ವ್ಯಾಪಾರಿಗಳು ಕೂಗಿ ಕರೆದು ಮಾವು, ಟೊಮೇಟೊಗಳ ಪೆಟ್ಟಿಗೆಯನ್ನೇ ಕೊಡುತ್ತಾರೆ. ನಮ್ಮೂರ ಸಂತೆ ಬಲ್ಲವರಿಗೆ ಇದನ್ನು ಕಲಿಸಬೇಕಾಗಿಲ್ಲ. ಬೇಳೆ, ರಾಗಿಹಿಟ್ಟು, ಸೋನಾ ಮಸೂರಿಗೆ ಮೆಲ್ಬರ್ನಿನ ಡ್ಯಾಂಡೆನಾಂಗ್, ಸಿಡ್ನಿಯ ಹ್ಯಾರಿಸ್ ಪಾರ್ಕ್ ಕಡೆಯ ಭಾರತೀಯ ಅಂಗಡಿಗಳು ಸರಿ. ಬ್ರೆಡ್ಡಿಗೆ ಹಚ್ಚುವ ಬ್ರಿಟನ್ನಿನ ಮಾರ್ಮೈಟ್ ಬೇಕೆನ್ನುವವರು ‘ಅವರ್ ಮೇಟ್’ ಎಂಬ ಹೆಸರಿನ ಡಬ್ಬಿ ಹುಡುಕಬೇಕು. ಮಾರ್ಮೈಟ್ ಎಂದು ಬರೆದದ್ದು ಇಲ್ಲಿ ಬೇರೆಯೇ ಪದಾರ್ಥ.

ಹೆಜ್ಜೆ 6: ಕಾರು ಮತ್ತು ಪೆಟ್ರೋಲ್

ಬ್ರಿಟಿಷ್ ಲೈಸೆನ್ಸನ್ನು ಪರೀಕ್ಷೆಯಿಲ್ಲದೆ ಇಲ್ಲಿಯದಕ್ಕೆ ಬದಲಾಯಿಸಿಕೊಳ್ಳಬಹುದು, ಗಡುವು ಮಾತ್ರ ರಾಜ್ಯಕ್ಕೊಂದು. ಬಳಸಿದ ಕಾರು ಕೊಳ್ಳುವಾಗ ‘ರೆಗೊ’ ಎನ್ನುವ ನೋಂದಣಿ ಎಷ್ಟು ತಿಂಗಳು ಉಳಿದಿದೆ ಎಂದು ಕೇಳಿ, ವಿಕ್ಟೋರಿಯಾದಲ್ಲಾದರೆ ಕಾರು ರಸ್ತೆಗಿಳಿಸಲು ಯೋಗ್ಯವೆನ್ನುವ ರೋಡ್‌ವರ್ದಿ ಪ್ರಮಾಣಪತ್ರ ಪಡೆಯಿರಿ, ಸರ್ಕಾರಿ ಪಿಪಿಎಸ್‌ಆರ್ ತಾಣದಲ್ಲಿ 2 ಡಾಲರ್ ಕೊಟ್ಟು ಆ ಕಾರಿನ ಮೇಲೆ ಹಳೆಯ ಸಾಲವಿದೆಯೇ ಎಂದು ನೋಡಿ. ಸಾಲವಿದ್ದರೆ ಸಾಲ ಕೊಟ್ಟವರು ಕಾರನ್ನು ನಿಮ್ಮ ಮನೆಯಿಂದಲೇ ಎಳೆದೊಯ್ಯಬಹುದು.

ಪೆಟ್ರೋಲಿನ ಬೆಲೆ ದೊಡ್ಡ ನಗರಗಳಲ್ಲಿ ಅಲೆಯಂತೆ ಏಳುತ್ತದೆ, ಇಳಿಯುತ್ತದೆ: ಒಂದೆರಡು ದಿನದಲ್ಲಿ ಜಿಗಿದು, ವಾರಗಟ್ಟಲೆ ಸ್ವಲ್ಪ ಸ್ವಲ್ಪವೇ ಕುಗ್ಗುತ್ತದೆ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಬಂಕುಗಳು ನಾಳಿನ ಬೆಲೆಯನ್ನು ಇಂದು ಮಧ್ಯಾಹ್ನ 2ರೊಳಗೆ ಸರ್ಕಾರಕ್ಕೆ ತಿಳಿಸಿ, 24 ಗಂಟೆ ಬದಲಿಸದೆ ಮಾರಬೇಕು. ಫ್ಯುಯೆಲ್‌ವಾಚ್ ಎಂಬ ಸರ್ಕಾರಿ ತಾಣ ಅದನ್ನು ಪ್ರಕಟಿಸುತ್ತದೆ. ನ್ಯೂ ಸೌತ್ ವೇಲ್ಸ್‌ನಲ್ಲಿ ಬಂಕುಗಳ ಬೆಲೆ ತೋರಿಸುವ ಫ್ಯುಯೆಲ್‌ಚೆಕ್ ಇದೆ. ಕರೆಂಟು ಮತ್ತು ಗ್ಯಾಸ್ ಕಂಪನಿಗಳನ್ನು ಹೋಲಿಸಲೂ ಸರ್ಕಾರದ್ದೇ ಎನರ್ಜಿ ಮೇಡ್ ಈಸಿ ತಾಣವಿದೆ, ವಿಕ್ಟೋರಿಯಾದವರಿಗೆ ಪ್ರತ್ಯೇಕ ತಾಣ. ಖಾಸಗಿ ಹೋಲಿಕೆ ತಾಣಗಳು ತಮಗೆ ಕಮಿಷನ್ ಬರುವ ಕಂಪನಿಗಳನ್ನಷ್ಟೇ ತೋರಿಸಬಹುದು.

ಹೆಜ್ಜೆ 7: ಕೊಂಡದ್ದು ಕೆಟ್ಟರೆ

ರಸೀದಿಗಳನ್ನು ಫೋಟೊ ತೆಗೆದಿಡಿ, ಏಕೆಂದರೆ 2011ರ ಜನವರಿ 1ರಿಂದ ಜಾರಿಯಲ್ಲಿರುವ ಆಸ್ಟ್ರೇಲಿಯನ್ ಗ್ರಾಹಕ ಕಾನೂನು ಕಂಪನಿಯ ವಾರಂಟಿಗಿಂತ ದೊಡ್ಡದು. ವಸ್ತು ಅದರ ಬೆಲೆಗೆ ತಕ್ಕಷ್ಟು ಕಾಲ ಬಾಳಬೇಕು, ಬಾಳದಿದ್ದರೆ ಮಾರಿದ ಅಂಗಡಿಯೇ ಹೊಣೆ. ದೋಷ ದೊಡ್ಡದಾಗಿದ್ದರೆ ಹಣ ಮರಳಿ ಬೇಕೋ ಬೇರೆ ವಸ್ತು ಬೇಕೋ ಎಂದು ಆರಿಸುವವರು ನೀವು. ‘ಹಣ ವಾಪಸ್ ಇಲ್ಲ’ ಎಂಬ ಬೋರ್ಡು ಈ ಹಕ್ಕನ್ನು ಅಳಿಸಲಾರದು. ಮನಸ್ಸು ಬದಲಾಯಿತೆಂದು ಮರಳಿಸುವುದು ಮಾತ್ರ ಅಂಗಡಿಯ ಇಚ್ಛೆ.

ನಮ್ಮ ಬಟ್ಟೆ ಒಗೆಯುವ ಯಂತ್ರ ಇಪ್ಪತ್ತನೆಯ ತಿಂಗಳಲ್ಲಿ ನೀರು ತುಂಬಿಕೊಂಡು ನಿಂತುಬಿಟ್ಟಿತು. ಅಂಗಡಿಯವರು ಒಂದು ವರ್ಷದ ವಾರಂಟಿ ಮುಗಿದಿದೆ, ಹೆಚ್ಚುವರಿ ವಾರಂಟಿ ಕೊಳ್ಳಬೇಕಿತ್ತು ಎಂದರು. ಮಾತಿಗೆ ಮಾತು ಬೆಳೆಸದೆ, ಕೊಂಡ ದಿನಾಂಕ, ಕೊಟ್ಟ ಬೆಲೆ, ಕೆಟ್ಟ ದಿನ ಇಷ್ಟನ್ನು ಬರೆದು, ಗ್ರಾಹಕ ಕಾನೂನಿನ ಖಾತರಿಯಡಿ ಉಚಿತ ದುರಸ್ತಿ ಕೋರುತ್ತೇವೆಂದು ನಾಲ್ಕು ಸಾಲಿನ ಈಮೇಲ್ ಕಳಿಸಿದೆವು. ಒಂಬತ್ತನೆಯ ದಿನ ಬೆಳಿಗ್ಗೆ ಹೊಸ ಪಂಪು ಹಿಡಿದ ಮೆಕ್ಯಾನಿಕ್ ಬಾಗಿಲು ತಟ್ಟಿದ. ಅರ್ಧ ಗಂಟೆಯ ಕೆಲಸ ಮುಗಿಸಿ, ಬಿಲ್ಲಿನ ಮೊತ್ತದ ಜಾಗದಲ್ಲಿ ಸೊನ್ನೆ ಬರೆದು ಸಹಿ ಹಾಕಿಸಿಕೊಂಡು ಹೋದ.